ಗಿರಣಿ ಹಾಕುವ ಮುಂಚೆ ವಹಿ ತೆರೆಯಿರಿ

ನರಗುಂದದ ಕಡೆ ಮಲಪ್ರಭೆಯ ಕಾಲುವೆ ಇದ್ದರೂ ರೋಣ, ನರಗುಂದ, ಗಜೇಂದ್ರಗಡದ ಎರಿ ಹೊಲಗಳ ಬಾಳುವೆ ನಡೆಯುವುದು ಮುಂಗಾರಿ ಹೆಸರು ಮತ್ತು ಹಿಂಗಾರಿ ಕಡ್ಲಿಯ ಮೇಲೆ. ಮಾಲು ಚೀಲದಲ್ಲಿ ಪ್ಯಾಟಿಗೆ ಹೋಗ್ತದೆ, ಬ್ಯಾಳಿಯಾಗಿ ನಮ್ಮೂರ ಕಿರಾಣಿ ಅಂಗಡಿಗೇ ತಿರುಗಿ ಬರ್ತದೆ. ಅದಕ್ಕೇ "ನಾವ ಒಂದು ಬ್ಯಾಳಿ ಗಿರಣಿ ಹಾಕಿದ್ರ ಹ್ಯಾಂಗ್ರಿ?" ಎಂಬ ಮಾತು ಸುಗ್ಗಿಗೊಮ್ಮೆ ಕಟ್ಟೆಯ ಮೇಲೆ ಏಳ್ತದೆ. ಈ ಸಲ ನಮ್ಮೂರಲ್ಲಿ ಶೇರು ಹಣ ಕೂಡಿಸುವ ತನಕ ಬಂದಿದೆ.

ನಾನು ಬ್ಯಾಡ ಅನ್ನುವವನಲ್ಲ. ಆದರೆ ಕೂಡಿದವರ ಮಾತೆಲ್ಲ ಮಷೀನಿನ ಸುತ್ತಲೇ. ಎಷ್ಟು ಎಚ್.ಪಿ., ಯಾವ ಊರಿನದು, ಸಬ್ಸಿಡಿ ಎಷ್ಟು. ವಹಿಯ ಮಾತು ಯಾರೂ ಎತ್ತುವುದಿಲ್ಲ.

ಗಂಗಾವತಿ ಕಡೆಯ ಅಕ್ಕಿ ಗಿರಣಿ ನೋಡಿ. ಸರಕಾರದ ಭತ್ತ ಅರೆದು ಕೊಡುವಾಗ ಕ್ವಿಂಟಲ್ ಭತ್ತಕ್ಕೆ 67 ಕಿಲೋ ಬೆಳ್ತಿಗೆ, ಕುಚ್ಚಲಕ್ಕಿಯಾದರೆ 68 ಕಿಲೋ ಕೊಡಬೇಕೆಂಬ ಕರಾರು ಇದೆ. ಕಮ್ಮಿ ಬಿದ್ದರೆ ಗಿರಣಿಯವನೇ ಜವಾಬ್ದಾರ. ನಾವು ಕೂಲಿ ಕೊಟ್ಟು ಬ್ಯಾಳಿ ಒಡೆಸುವಾಗ ಇಂಥ ಲೆಕ್ಕ ಕೇಳುವವರು ಯಾರು? ಹೋದ ವರ್ಷ ಒಂದು ಗಿರಣಿಗೆ ಕ್ವಿಂಟಲ್ ಕಡ್ಲಿ ಒಯ್ದಿದ್ದೆ. ಬ್ಯಾಳಿ 62 ಕಿಲೋ, ಹೊಟ್ಟು-ಚುನ್ನಿ ಸೇರಿ 14 ಕಿಲೋ ಕೈಗೆ ಬಂತು. ಉಳಿದ 24 ಎಲ್ಲಿ ಅಂದರೆ "ಗಾಳಿಗೆ ಹೋತ್ರಿ" ಅಂದರು. ಅಷ್ಟು ದೊಡ್ಡ ಗಾಳಿ ನಮ್ಮ ಗಜೇಂದ್ರಗಡದ ಗುಡ್ಡದ ಮೇಲೂ ಬೀಸುವುದಿಲ್ಲ.

ನಾಳೆ ನಮ್ಮದೇ ಗಿರಣಿ ಆದರೂ ಇದೇ ಪ್ರಶ್ನೆ. ಒಳಗೆ ಹೋದ ನೂರು ಕಿಲೋಕ್ಕೆ ಬ್ಯಾಳಿ, ನುಚ್ಚು, ಚುನ್ನಿ, ಹೊಟ್ಟು, ಕಸಕಡ್ಡಿ, ಒಣಗಿ ಇಳಿದ ತೂಕ ಇಷ್ಟೂ ಕೂಡಿಸಿದರೆ ನೂರು ಬರಬೇಕು. ದಿನಾ ಸಂಜೆ ಬರೆಯಬೇಕು. ಹೆಸರಿನ ಕಾಳಿನೊಳಗೆ ನೂರಕ್ಕೆ 85ರ ಮೇಲೆ ಬ್ಯಾಳಿ ಇದ್ದರೂ ಹಳೇ ಪದ್ಧತಿಯ ಗಿರಣಿಗಳಲ್ಲಿ ಕೈಗೆ ಸಿಗುವುದು 70ರಿಂದ 75. ಹೆಸರು ಹಟಮಾರಿ ಕಾಳು. ಸಿಪ್ಪೆ ಗಟ್ಟಿ ಅಂಟಿರ್ತದೆ, ಒಳಗಿನ ಎರಡು ಹೋಳು ಮಾತ್ರ ಬೇಗ ಬಿಡ್ತಾವೆ. ಸಿಪ್ಪೆ ಹೋಗುವ ಮುಂಚೆ ಕಾಳು ಒಡೆದು ಅಂಚು ಸವೆದು ಪುಡಿಯಾಗ್ತದೆ. ಎಣ್ಣೆ ಸವರಿ ನೀರುಣಿಸಿ ಒಣಗಿಸುವ ಕೆಲಸದಲ್ಲಿ ಅವಸರ ಮಾಡಿದರೆ ನಷ್ಟ ಅಲ್ಲಿಯೇ. ಸಾವಿರ ಕ್ವಿಂಟಲಿಗೆ ನೂರಕ್ಕೆ 5 ಹೆಚ್ಚು ಪುಡಿಯಾದರೆ 50 ಕ್ವಿಂಟಲ್. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಕಾಳಿನ ದರದಂತೆ ಹಿಡಿದರೂ 4,38,400 ರೂಪಾಯಿ. ಚುನ್ನಿ ಮಾರಿ ಬರುವ ಹಣ ಅದರ ಸಮೀಪಕ್ಕೂ ಬಾರದು. ಆದ್ದರಿಂದ ಮಷೀನಿಗಿಂತ ಮೊದಲು ಅದನ್ನು ನಡೆಸುವ ಕೈ ಹುಡುಕಿ, ಅವನಿಗೆ ಸರಿಯಾದ ಪಗಾರ ಕೊಡಿ.

ಇನ್ನು ಬಂಡವಾಳ. ದಿನಕ್ಕೆ 10 ಕ್ವಿಂಟಲ್ ಒಡೆಯುವ ಗಿರಣಿ ವರ್ಷಕ್ಕೆ 100 ದಿನ ನಡೆಯಬೇಕೆಂದರೆ ಸಾವಿರ ಕ್ವಿಂಟಲ್ ಹೆಸರು ಬೇಕು, ಅಂದರೆ 87 ಲಕ್ಷದ 68 ಸಾವಿರದ ಮಾಲು. ಹೆಸರಿನ ರಾಶಿ ಆಗಸ್ಟ್-ಸೆಪ್ಟೆಂಬರಿನಲ್ಲಿ ಒಮ್ಮೆಲೇ ಬರ್ತದೆ. ಆಗಲೇ ಖರೀದಿ ಮಾಡದಿದ್ದರೆ ಮುಂದೆ ವ್ಯಾಪಾರಿ ಹೇಳಿದ ದರಕ್ಕೆ ತರಬೇಕು. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣೆಯ ಕೇಂದ್ರ ಯೋಜನೆ ನೂರಕ್ಕೆ 35ರ ಸಬ್ಸಿಡಿ ಇಟ್ಟದ್ದು ಘಟಕದ ವೆಚ್ಚಕ್ಕೆ. ಮಾಲು ಖರೀದಿಗೆ ಸಬ್ಸಿಡಿ ಇಲ್ಲ, ಸಾಲ ತೆಗೆದರೆ ಬಡ್ಡಿ ದಿನಾ ಓಡ್ತದೆ. ಅದೂ ಅಲ್ಲದೆ ರಾಶಿಯ ಹೊತ್ತಿಗೆ ಮಳೆ ಹಿಡಿದರೆ ಕಾಳು ಹಸಿ, ಬಣ್ಣ ಕಪ್ಪು. ತೇವ ನೂರಕ್ಕೆ 12ಕ್ಕಿಂತ ಹೆಚ್ಚಿರುವ ಮಾಲನ್ನು "ನಮ್ಮವರದು ಪಾ" ಎಂದು ಮೋರೆ ನೋಡಿ ತೂಗಿಕೊಂಡರೆ ಗೋದಾಮಿನಲ್ಲಿ ಕೆಡುವುದು ಎಲ್ಲರ ಶೇರು ಹಣ.

ನನ್ನ ಅಭಿಪ್ರಾಯಕ್ಕೆ, ಮೊದಲೆರಡು ವರ್ಷ ಖರೀದಿಯೇ ಬೇಡ. ಸಣ್ಣ ಗಿರಣಿ ಹಾಕಿ, ಸದಸ್ಯರ ಕಾಳನ್ನು ಕೂಲಿಗೆ ಒಡೆದು ಕೊಡಿ. ಬ್ಯಾಳಿ ಅವರೇ ಮನೆಗೆ, ಸಂತೆಗೆ ಒಯ್ಯಲಿ. ಲಾಭ ಕಮ್ಮಿ, ಖರೆ. ಆದರೆ ನೂರಕ್ಕೆ ಎಷ್ಟು ಇಳಿತು, ಎಷ್ಟು ದಿನ ಬೆಲ್ಟು ತಿರುಗಿತು, ಕರೆಂಟು ಬಿಲ್ಲು ಎಷ್ಟು ಎಂಬುದೆಲ್ಲ ನಮ್ಮದೇ ವಹಿಯಲ್ಲಿ ಬರೆದಿರ್ತದೆ. ಆಮೇಲೆ ಬ್ಯಾಂಕಿನ ಬಾಗಿಲಿಗೆ ಹೋಗಬಹುದು.

ಓದುಗರಲ್ಲಿ ಬ್ಯಾಳಿ ಗಿರಣಿ ನಡೆಸಿದವರು, ನಡೆಸಿ ಮುಚ್ಚಿದವರು ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ನಮ್ಮೂರ ಶೇರು ಹಣ ಇನ್ನೂ ಖರ್ಚಾಗಿಲ್ಲ.