ಬೆಲೆ ಬದಲಿಸಲು ಎಂಜಿನಿಯರ್ ಬೇಕೆ?

ಬಿ.ಇ. ಓದುವವರ ಹಣೆಬರಹವೇ ಇಷ್ಟು. ಮನೆಯಲ್ಲಿ ಪ್ರಿಂಟರ್ ಕೆಟ್ಟರೂ ನಮ್ಮನ್ನೇ ಕರೆಯುತ್ತಾರೆ, ನೆಂಟರ ಅಂಗಡಿಗೆ ವೆಬ್‌ಸೈಟ್ ಬೇಕಾದರೂ ನಮ್ಮನ್ನೇ ಹುಡುಕುತ್ತಾರೆ. ಜಯನಗರ, ಬನಶಂಕರಿ, ಜೆ.ಪಿ. ನಗರದ ಸುತ್ತಮುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೂ ಬರವಿಲ್ಲ. ಕಾಂಡಿಮೆಂಟ್ಸ್, ಕೇಟರಿಂಗ್, ಬೂಟಿಕ್, ಟ್ಯೂಷನ್ ಸೆಂಟರ್‌ಗಳಿಗೂ ಬರವಿಲ್ಲ. ಹಾಗಾಗಿ ಐದನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ನಮ್ಮಲ್ಲಿ ಬಹಳಷ್ಟು ಮಂದಿ ಒಂದಲ್ಲ ಒಂದು ಅಂಗಡಿಗೆ ಸೈಟ್ ಮಾಡಿಕೊಟ್ಟಿರುತ್ತಾರೆ. ಕೈಖರ್ಚಿಗೆ ಕಾಸು ಸಿಗುತ್ತದೆ, ರೆಸ್ಯೂಮೆಗೆ ಒಂದು ಸಾಲೂ ಸಿಗುತ್ತದೆ.

ಆ ಸಾಲಿನ ಬಗ್ಗೆಯೇ ನನ್ನ ತಕರಾರು. ‘ರಿಯಾಕ್ಟ್, ನೋಡ್, ಮಾಂಗೋಡಿಬಿ’ ಎಂದು ಬರೆದರೆ ರೆಸ್ಯೂಮೆಗೆ ತೂಕ ಬರುತ್ತದೆ. ‘ವರ್ಡ್‌ಪ್ರೆಸ್’ ಎಂದು ಬರೆದರೆ ಸೀನಿಯರ್‌ಗಳು ನಗುತ್ತಾರೆ. ಹೀಗಾಗಿ ಕೋಡುಬಳೆ, ಚಕ್ಕುಲಿ ಮಾರುವ ಅಂಗಡಿಗೂ ನಾವು ಮೊದಲಿನಿಂದ ಕೋಡ್ ಬರೆದು, ಸಖತ್ತಾಗಿ ಅನಿಮೇಷನ್ ಹಾಕಿ ಕೊಡುತ್ತೇವೆ. ಇಂಟರ್‌ವ್ಯೂನಲ್ಲಿ ತೋರಿಸಲು ಅದು ಚೆಂದ. ಆದರೆ ಅಂಗಡಿಯವರ ಗತಿ?

ನಮ್ಮ ಬನಶಂಕರಿ ಎರಡನೇ ಹಂತದಲ್ಲಿ ಕುರುಕಲು ತಿಂಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುವ ಒಬ್ಬರು ಆಂಟಿ ಇದ್ದಾರೆ. ಎರಡು ವರ್ಷದ ಹಿಂದೆ ಫೈನಲ್ ಇಯರ್ ಹುಡುಗರ ಒಂದು ತಂಡ ಅವರಿಗೆ ಸೈಟ್ ಮಾಡಿಕೊಟ್ಟಿತ್ತು. ನೋಡಲು ನಿಜಕ್ಕೂ ಚೆನ್ನಾಗಿದೆ. ಆದರೆ ಪ್ರತಿ ತಿಂಡಿಯ ಬೆಲೆಯೂ ಕೋಡ್‌ನೊಳಗೇ ಕೂತಿದೆ. ಬೆಲೆ ತಿದ್ದಬೇಕೆಂದರೆ ಫೈಲ್ ತೆರೆದು, ಸಾಲು ಹುಡುಕಿ, ಬದಲಿಸಿ, ಮತ್ತೆ ಸರ್ವರ್‌ಗೆ ಏರಿಸಬೇಕು. ಆ ಹುಡುಗರಿಗೆ ಕೆಲಸ ಸಿಕ್ಕಿ ಒಬ್ಬ ಪುಣೆ, ಇನ್ನೊಬ್ಬ ಹೈದರಾಬಾದ್ ಸೇರಿದ್ದಾರೆ. “ನೋಡು ಪುಟ್ಟಾ, ಕೊಬ್ಬರಿ ರೇಟು ಎಲ್ಲಿಗೆ ಹೋಯ್ತು! ಇದರಲ್ಲಿ ಇನ್ನೂ ಹಳೇ ರೇಟೇ ಇದೆ. ಜನ ಸ್ಕ್ರೀನ್‌ಶಾಟ್ ತಂದು ಜಗಳ ಆಡ್ತಾರೆ” ಎಂದು ಆಂಟಿ ನನ್ನ ಮುಂದೆ ಅಲವತ್ತುಕೊಂಡರು. ಡೊಮೈನ್ ಇರುವುದೂ ಆ ಹುಡುಗರಲ್ಲಿ ಒಬ್ಬನ ಇಮೇಲ್ ಹೆಸರಿನಲ್ಲಿ. ಅವನು ರಿನ್ಯೂ ಮಾಡುವುದನ್ನು ಮರೆತರೆ ಅಂಗಡಿಯ ವಿಳಾಸವೇ ಹೋಯಿತು. ಹುಡುಗರು ಕೆಟ್ಟವರೇನಲ್ಲ, ಫೋನ್ ಮಾಡಿದರೆ ಎತ್ತುತ್ತಾರೆ. ಆದರೆ ಗೌರಿ ಹಬ್ಬದ ಹಿಂದಿನ ದಿನ ಆಫೀಸಿನಲ್ಲಿ ಕೂತವರು ಎಷ್ಟು ಸಲ ಎತ್ತಿಯಾರು?

ಈ ತಾಪತ್ರಯ ಇರಬಾರದೆಂದೇ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಸಿಎಂಎಸ್ ಹುಟ್ಟಿದ್ದು. ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ, ಕೋಡ್ ಮುಟ್ಟದೆ, ಬರಹ, ಚಿತ್ರ, ಬೆಲೆಗಳನ್ನು ಯಾರು ಬೇಕಾದರೂ ಬದಲಿಸಬಹುದು. ಕನ್ನಡಕ್ಕೆ ಇದೇನೂ ಹೊಸದಲ್ಲ. ನಾನು ಹುಟ್ಟಿದ ಆಸುಪಾಸಿನಲ್ಲಿ, 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ ‘ಸಂಪದ’ ತಾಣ ನಿಂತಿದ್ದು ಡ್ರುಪಲ್ ಎಂಬ ಸಿಎಂಎಸ್ ಮೇಲೆ. ಕೋಡಿಂಗ್ ಗಂಧಗಾಳಿ ಇಲ್ಲದವರೂ ಅಲ್ಲಿ ಖಾತೆ ತೆರೆದು ಕಥೆ, ಲೇಖನ, ಹರಟೆ ಬರೆದರು.

ಹಾಗಾದರೆ ಅಂಗಡಿಯವರು ಕೇಳಿದಾಗ ಯಾವುದನ್ನು ಹೇಳಬೇಕು? ಮೊದಲು ಅವರ ಸೈಟಿನಲ್ಲಿ ಏನು, ಎಷ್ಟು ಸಲ ಬದಲಾಗುತ್ತದೆ ಎಂದು ವಿಚಾರಿಸಬೇಕು. ಫೋನ್ ನಂಬರ್, ವಿಳಾಸ, ನಾಲ್ಕು ಫೋಟೊ ಸಾಕು ಎನ್ನುವ ಟೈಲರ್ ಅಂಗಡಿಗೆ ಸಿಎಂಎಸ್ಸೂ ಬೇಡ. ಒಂದು ಸಾದಾ ಪುಟ, ಜೊತೆಗೆ ಗೂಗಲ್ ಮ್ಯಾಪಿನಲ್ಲಿ ಸರಿಯಾದ ಗುರುತು ಇದ್ದರಾಯಿತು. ಆದರೆ ಪುಕ್ಕಟೆ ಸಿಕ್ಕಿದ್ದನ್ನೇ ನೆಚ್ಚಿಕೊಳ್ಳುವಂತಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನೊಳಗೇ ಉಚಿತವಾಗಿ ಸೈಟ್ ಮಾಡಿಕೊಳ್ಳುವ ಸೌಲಭ್ಯ ಇತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಅಂಥ ಸೈಟುಗಳನ್ನೆಲ್ಲ ಮುಚ್ಚಿತು. ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸ ಅಚ್ಚು ಹಾಕಿಸಿದ್ದವರು ಏನು ಮಾಡಬೇಕು?

ದಿನವೂ ಮೆನು ಬದಲಾಗುವ ಕೇಟರಿಂಗ್, ವಾರವಾರ ಹೊಸ ಸೀರೆ ಬರುವ ಬೂಟಿಕ್ ಇಂಥವಕ್ಕೆ ಸಿಎಂಎಸ್ ಬೇಕೇ ಬೇಕು. ಇಲ್ಲಿ ಎರಡು ದಾರಿಗಳಿವೆ. ಶಾಪಿಫೈ, ವಿಕ್ಸ್‌ನಂಥವು ನಮ್ಮ ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಿದ್ದ ಹಾಗೆ. ತಿಂಗಳ ಬಾಡಿಗೆ ಕೊಟ್ಟರೆ ಆಯಿತು, ನಲ್ಲಿ ಸೋರಿದರೆ ಓನರ್ ನೋಡಿಕೊಳ್ಳುತ್ತಾರೆ. ಸೆಕ್ಯುರಿಟಿ, ಅಪ್‌ಡೇಟ್ ತಲೆನೋವು ನಮಗಿಲ್ಲ. ಆದರೆ ಖಾಲಿ ಮಾಡುವಾಗ ಗೊತ್ತಾಗುತ್ತದೆ ಯಾವುದು ನಮ್ಮದು, ಯಾವುದು ಅವರದೆಂದು. ಶಾಪಿಫೈನಿಂದ ಸಾಮಾನುಗಳ ಪಟ್ಟಿಯನ್ನು ಫೈಲಾಗಿ ಇಳಿಸಿಕೊಳ್ಳಬಹುದು, ಸೈಟಿನ ರೂಪ ಮಾತ್ರ ಜೊತೆಗೆ ಬರುವುದಿಲ್ಲ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನಂತೂ ಇಡಿಯಾಗಿ ಬೇರೆ ಕಡೆ ಒಯ್ಯಲಾಗದು.

ವರ್ಡ್‌ಪ್ರೆಸ್ ಸ್ವಂತ ಮನೆ. 2003ರಲ್ಲಿ ಮ್ಯಾಟ್ ಮುಲ್ಲನ್‌ವೆಗ್ ಮತ್ತು ಮೈಕ್ ಲಿಟಲ್ ಶುರು ಮಾಡಿದ ಈ ಮುಕ್ತ ತಂತ್ರಾಂಶದ ಮೇಲೆ ಇವತ್ತು ಜಗತ್ತಿನ ಶೇ 40ಕ್ಕೂ ಹೆಚ್ಚು ವೆಬ್‌ಸೈಟುಗಳು ನಡೆಯುತ್ತಿವೆ. ಹೋಸ್ಟಿಂಗ್ ಕಂಪನಿ ಸರಿಯಿಲ್ಲವೆಂದರೆ ಫೈಲುಗಳನ್ನೂ ಡೇಟಾಬೇಸನ್ನೂ ಕಟ್ಟಿಕೊಂಡು ಇನ್ನೊಂದು ಕಡೆಗೆ ಹೊರಡಬಹುದು. ವೂಕಾಮರ್ಸ್ ಪ್ಲಗಿನ್ ಹಾಕಿದರೆ ಅಂಗಡಿ ಸಿದ್ಧ. ಆದರೆ ಸ್ವಂತ ಮನೆಯ ಸಂಪನ್ನು ನಾವೇ ತೊಳೆಸಬೇಕು. ಸಣ್ಣಪುಟ್ಟ ಭದ್ರತಾ ಅಪ್‌ಡೇಟುಗಳು 2013ರಿಂದ ತಾವಾಗಿಯೇ ಆಗುತ್ತವೆ, ನಿಜ. ತೊಂದರೆ ಬರುವುದು ಪ್ಲಗಿನ್‌ಗಳಿಂದ. ಕಂಡ ಕಂಡ ಪ್ಲಗಿನ್ ಹಾಕಿ, ವರ್ಷಗಟ್ಟಲೆ ಅಪ್‌ಡೇಟ್ ಮಾಡದೆ ಬಿಟ್ಟ ಸೈಟುಗಳೇ ಹ್ಯಾಕರ್‌ಗಳಿಗೆ ಹಬ್ಬ. 2024ರ ಸೆಪ್ಟೆಂಬರಿನಲ್ಲಿ ಮುಲ್ಲನ್‌ವೆಗ್ ಅವರಿಗೂ ಡಬ್ಲ್ಯೂಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ಜಗಳ ಹತ್ತಿ, ಆ ಕಂಪನಿಯ ಗ್ರಾಹಕರಿಗೆ ಅಪ್‌ಡೇಟುಗಳು ಸಿಗದೆ ಪರದಾಡಿದ್ದೂ ಉಂಟು. ಇಷ್ಟೆಲ್ಲ ಗೊತ್ತಿದ್ದೂ ನನ್ನ ವೋಟು ವರ್ಡ್‌ಪ್ರೆಸ್‌ಗೇ. ಕಾರಣ ಸರಳ: ಮಾಡಿಕೊಟ್ಟವರು ಊರು ಬಿಟ್ಟರೂ, ಅದನ್ನು ಬಲ್ಲ ಇನ್ನೊಬ್ಬರು ಮುಂದಿನ ಕ್ರಾಸಿನಲ್ಲೇ ಸಿಗುತ್ತಾರೆ. ನಾನು ಬರೆದ ಕೋಡನ್ನು ಬಲ್ಲವರು ನನ್ನ ಬಿಟ್ಟರೆ ಯಾರೂ ಇಲ್ಲ (ಆರು ತಿಂಗಳಾದ ಮೇಲೆ ನನಗೂ ಅರ್ಥವಾಗುವುದು ಅನುಮಾನ).

ಕನ್ನಡದ ವಿಚಾರ ಯಾರೂ ಎತ್ತುವುದಿಲ್ಲ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು, ಬೋರ್ಡುಗಳು ಬದಲಾದವು. ಅದೇ ಅಂಗಡಿಗಳ ಸೈಟು ತೆರೆದು ನೋಡಿ, ಒಂದಕ್ಷರ ಕನ್ನಡ ಕಾಣುವುದು ಕಷ್ಟ. ಇದ್ದರೂ ಅದು ಅಕ್ಷರವಲ್ಲ, ಅಕ್ಷರದ ಚಿತ್ರ! ಹಳೇ ಫಾಂಟಿನಲ್ಲಿ ಡಿಸೈನ್ ಮಾಡಿಸಿ ಅಂಟಿಸಿರುತ್ತಾರೆ. ‘ಕೋಡುಬಳೆ’ ಎಂದು ಹುಡುಕಿದವರಿಗೆ ಆ ಅಂಗಡಿ ಸಿಗುವುದು ಹೇಗೆ? ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ವರ್ಡ್‌ಪ್ರೆಸ್ ಕನ್ನಡವನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ಪಾಲಿಲ್ಯಾಂಗ್ ಎಂಬ ಪ್ಲಗಿನ್ ಹಾಕಿದರೆ ಒಂದೇ ಸೈಟನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇಡಬಹುದು. ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಪುಟಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಅದರ ಲಿಂಕ್ ಕೂಡ ಕನ್ನಡದಲ್ಲೇ ತಯಾರಾಗುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸ್‌ಆ್ಯಪಿಗೆ ಹಾಕಿದಾಗ ಒಂದೊಂದು ಅಕ್ಷರ, ಒತ್ತು, ಗುಣಿತದ ಚಿಹ್ನೆಯೂ ಒಂಬತ್ತೊಂಬತ್ತು ಸಂಕೇತಗಳಾಗಿ ಒಡೆಯಬಹುದು. ‘ಚಕ್ಕುಲಿ’ ಎಂಬ ಪುಟ್ಟ ಪದವೇ 63 ಸಂಕೇತಗಳ ಸರಮಾಲೆ! ವರ್ಡ್‌ಪ್ರೆಸ್ ಲಿಂಕಿನ ಈ ಭಾಗಕ್ಕೆ ಇಟ್ಟಿರುವ ಮಿತಿ 200. ಉದ್ದ ಹೆಸರಾದರೆ ಲಿಂಕ್ ನಡುವೆಯೇ ತುಂಡಾಗುತ್ತದೆ. ಅದಕ್ಕೇ ಪುಟದ ಹೆಸರು ಕನ್ನಡದಲ್ಲಿರಲಿ, ಪರ್ಮಾಲಿಂಕ್ ಜಾಗದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳನ್ನು ಕೈಯಾರೆ ಹಾಕಿ.

ಗೆಳೆಯರೇ, ಮುಂದಿನ ಸಲ ಯಾರಾದರೂ ಸೈಟ್ ಕೇಳಿದರೆ ಡೊಮೈನನ್ನೂ ಹೋಸ್ಟಿಂಗನ್ನೂ ಅಂಗಡಿಯವರ ಇಮೇಲ್, ಅವರ ಕಾರ್ಡಿನಲ್ಲೇ ಕೊಳ್ಳಿಸಿ. ಅಡ್ಮಿನ್ ಪಾಸ್‌ವರ್ಡ್ ಅವರ ಬಳಿ ಇರಲಿ. ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಲು ತಿಂಗಳಿಗೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಸಂಕೋಚ ಬೇಡ, ಅದೂ ದುಡಿಮೆಯೇ. ಕೊನೆಯ ಕಂತು ಕೇಳುವ ಮೊದಲು ಅವರ ಪಕ್ಕದಲ್ಲಿ ಕೂತು, ಒಂದು ಸಾಮಾನಿನ ಬೆಲೆಯನ್ನು ಅವರ ಕೈಯಲ್ಲೇ, ಅವರ ಫೋನಿನಲ್ಲೇ ಬದಲಿಸಲು ಹೇಳಿ. ನೀವು ಫೋನ್ ಮುಟ್ಟಬೇಡಿ. ಅವರಿಗೆ ಆಗದಿದ್ದರೆ ಸೈಟ್ ಇನ್ನೂ ಮುಗಿದಿಲ್ಲ.