ಗೋಡೆಯ ಮೇಲಿನ ಪೆನ್ಸಿಲ್ ಗೆರೆ

ಡಿಸೆಂಬರ್ 7ರ ಸಂಜೆ ಪಕ್ಕದ ಮನೆಯ ಹುಡುಗ ಶಾಲೆಯಿಂದ ನೇರವಾಗಿ ನಮ್ಮ ಮನೆಗೇ ಬಂದ. ಅಂಗಿಯ ಜೇಬಿನ ಮೇಲೆ ಒಂದು ಪುಟ್ಟ ಧ್ವಜದ ಚೀಟಿ ಅಂಟಿತ್ತು. ಕೆಂಪು, ಕಡು ನೀಲಿ, ತಿಳಿ ನೀಲಿ ಬಣ್ಣದ್ದು.

"ಮಿಸ್, ಹತ್ತು ರೂಪಾಯಿ ಕೊಟ್ಟು ತಗೊಂಡೆ. ಈ ದುಡ್ಡು ಸೈನಿಕರಿಗೆ ಹೋಗ್ತದಂತೆ. ಅವರಿಗೆ ಸರ್ಕಾರದವರೇ ಮನೆ ಕೊಡ್ತಾರಲ್ವಾ? ಮತ್ತೆ ನಮ್ಮ ದುಡ್ಡು ಯಾಕೆ?"

ಮಕ್ಕಳೇ, ಈ ಪ್ರಶ್ನೆ ನಿಮ್ಮಲ್ಲೂ ಕೆಲವರಿಗೆ ಬಂದಿರಬಹುದು. ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರಕ್ಕೂ ಒಂದೊಂದು ಬಣ್ಣವಿರುವ ಆ ಧ್ವಜದ ದಿನವನ್ನು 1949ರಿಂದ ಆಚರಿಸುತ್ತಿದ್ದೇವೆ. ಸೇರುವ ಹಣ ಹುತಾತ್ಮರ ಕುಟುಂಬಗಳಿಗೆ, ಗಾಯಗೊಂಡ ಯೋಧರಿಗೆ, ಮಾಜಿ ಸೈನಿಕರಿಗೆ ನೆರವಾಗುತ್ತದೆ. ಇಷ್ಟು ಅವನಿಗೆ ಹೇಳಿದೆ. ಮನೆಯ ವಿಷಯ ಮಾತ್ರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ನಮ್ಮಪ್ಪ ಸೇನೆಯಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರವಿದೆ. 1969ರಲ್ಲಿ ಅಲ್ಲಿ ಸೇರಿದಾಗ ಅವರಿಗೆ ಇಪ್ಪತ್ತು ವರ್ಷ. ನದಿಗೆ ಸೇತುವೆ ಹಾಕುವುದು, ಬೆಟ್ಟದಲ್ಲಿ ದಾರಿ ಮಾಡುವುದು, ಹೂತಿಟ್ಟ ಬಾಂಬು ತೆಗೆಯುವುದು ಇಂಥ ದಳದವರ ಕೆಲಸ. ಊರೂರಿಗೆ ದಾರಿ ಮಾಡಿಕೊಟ್ಟ ಅಪ್ಪನಿಗೆ ಬಹಳ ವರ್ಷ ಸ್ವಂತ ಸೂರು ಇರಲಿಲ್ಲ.

ಸೈನಿಕರಿಗೆ ಸರ್ಕಾರ ಮನೆ ಕೊಡುವುದು ನಿಜ. ಅದಕ್ಕೆ ಕ್ವಾರ್ಟರ್ಸ್ ಅನ್ನುತ್ತಾರೆ. ಆದರೆ ಎಲ್ಲ ಕಡೆಯೂ ಇಲ್ಲ, ಯಾವಾಗಲೂ ಇಲ್ಲ. ಅಪ್ಪ ಗಡಿಯ ಕಡೆ ಹೋದಾಗ ನಾನೂ ಅವ್ವನೂ ಹೊನ್ನಾಳಿಯ ಅಜ್ಜನ ಮನೆಯಲ್ಲಿ ಒಂದು ಕೋಣೆಯಲ್ಲಿ ಇರುತ್ತಿದ್ದೆವು. ಅಂಬಾಲಾದಂಥ ಊರಿಗೆ ವರ್ಗವಾದಾಗ ಟ್ರಂಕು ಕಟ್ಟಿಕೊಂಡು ರೈಲು ಹತ್ತುತ್ತಿದ್ದೆವು. ಕ್ವಾರ್ಟರ್ಸ್‌ನಲ್ಲಿ ಕುರ್ಚಿಗೂ ನಂಬರು, ಮಂಚಕ್ಕೂ ನಂಬರು, ಬಿಳಿ ಬಣ್ಣದಲ್ಲಿ ಬರೆದಿರುತ್ತಿತ್ತು. ಬಿಟ್ಟು ಹೊರಡುವಾಗ 'ಮಾರ್ಚಿಂಗ್ ಔಟ್' ಅಂತ ಒಂದು ಶಾಸ್ತ್ರ. ಒಬ್ಬರು ಪಟ್ಟಿ ಹಿಡಿದು ಬಂದು ಫ್ಯಾನು, ಬಲ್ಬು, ಕಿಟಕಿಯ ಗಾಜು ಎಲ್ಲ ಎಣಿಸುತ್ತಿದ್ದರು. ಒಡೆದಿದ್ದರೆ ನಾವು ದುಡ್ಡು ಕಟ್ಟಬೇಕು.

ಅಂಬಾಲಾದ ಮನೆಯ ಅಡುಗೆಕೋಣೆಯ ಬಾಗಿಲ ಪಕ್ಕ ನನ್ನ ಎತ್ತರವನ್ನು ಅಪ್ಪ ಪೆನ್ಸಿಲ್‌ನಿಂದ ಗುರುತು ಹಾಕುತ್ತಿದ್ದರು. ಎರಡು ವರ್ಷಕ್ಕೆ ನಾಲ್ಕು ಗೆರೆ ಆಗಿತ್ತು. ಮಾರ್ಚಿಂಗ್ ಔಟ್‌ನ ಹಿಂದಿನ ರಾತ್ರಿ ಅವ್ವ ಒದ್ದೆ ಬಟ್ಟೆ ತಗೊಂಡು ಅದನ್ನು ಉಜ್ಜಿದಳು. ನಾನು ಅಳುತ್ತಾ ಕೂತಿದ್ದೆ. "ಇದು ನಮ್ಮ ಗೋಡೆ ಅಲ್ಲ ಮಗಾ" ಅಂದಳು.

1986ರಲ್ಲಿ ಅಪ್ಪ ನಿವೃತ್ತರಾದರು. ಆಗ ಅವರಿಗೆ 37. ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು ಅರವತ್ತರ ತನಕ ಕೆಲಸ ಮಾಡುತ್ತಾರೆ. ಸೇನೆಗೆ ಗಟ್ಟಿಮುಟ್ಟಾದ ತರುಣರೇ ಬೇಕು, ಹಾಗಾಗಿ ಜವಾನರು ಬೇಗ ಮನೆಗೆ ಬರುತ್ತಾರೆ. ಹದಿನೈದು ವರ್ಷ ಸೇವೆಯಾಗಿದ್ದರೆ ಅವರಿಗೆ ಪಿಂಚಣಿಯ ಹಕ್ಕಿದೆ. ಆದರೆ ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಪಿಂಚಣಿ ಸಂಬಳದಷ್ಟು ಇರುವುದಿಲ್ಲ, ಕ್ವಾರ್ಟರ್ಸ್ ಬಿಡಲೇಬೇಕು. ಸೈನಿಕನಿಗೆ ಮನೆಯ ಚಿಂತೆ ಶುರುವಾಗುವುದೇ ಆವಾಗ.

ಈ ಚಿಂತೆ ಹಳೆಯದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಕಲ್ಲು ಸಿಕ್ಕಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಮೆಚ್ಚಿದ ಒಡೆಯ "ಏನು ಬೇಕೋ ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು! ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ನಿಂತ ಕಲ್ಲು ಅದು. ಅದೇ ಕಲ್ಲಿನಲ್ಲಿ ಇನ್ನೊಂದು ವಿಷಯವೂ ಇದೆ. ಗಂಗರ ದೊರೆ ಬೂತುಗ ಮಣಲೇರನಿಗೆ ಆತಕೂರು ಹನ್ನೆರಡು ಅನ್ನುವ ಹಳ್ಳಿಗಳನ್ನು 'ಬಾಳ್ಗಚ್ಚು' ಕೊಟ್ಟ. ಬಾಳ್ ಅಂದರೆ ಕತ್ತಿ. ಯುದ್ಧ ಮುಗಿಸಿ ಕತ್ತಿ ತೊಳೆದವನಿಗೆ ಕೊಡುವ ಭೂಮಿ ಬಾಳ್ಗಚ್ಚು. ಸತ್ತವರ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೂ ನಮ್ಮ ಶಾಸನಗಳಲ್ಲಿದೆ. ಕೊಟ್ಟಿದ್ದನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು, ಕಾಗದ ಕಳೆಯುವ ಭಯ ಇರಲಿಲ್ಲ.

ಈಗಲೂ ಅಂಥ ಏರ್ಪಾಡುಗಳಿವೆ. ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969ರ ಪ್ರಕಾರ ಸರ್ಕಾರ ಹಂಚುವ ಜಮೀನಿನಲ್ಲಿ ಶೇ 10ರಷ್ಟು ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲು. ಭೂಸೇನೆಯವರಿಗಾಗಿ ಮನೆ ಕಟ್ಟಿಸುವ ಆರ್ಮಿ ವೆಲ್ಫೇರ್ ಹೌಸಿಂಗ್ ಆರ್ಗನೈಸೇಶನ್ 1978ರಿಂದ ಇದೆ. ಅದು ಪುಕ್ಕಟೆ ಅಲ್ಲ, ಲಾಭವಿಲ್ಲದ ಬೆಲೆ ಕೊಟ್ಟು ಕೊಳ್ಳಬೇಕು. ಸೇವೆಯಲ್ಲಿರುವಾಗ ಸೇನೆಯ ಗುಂಪು ವಿಮಾ ನಿಧಿಯಿಂದ ಮನೆ ಸಾಲ ಸಿಗುತ್ತದೆ, ಭವಿಷ್ಯನಿಧಿಯಿಂದಲೂ ಹಣ ತೆಗೆಯಬಹುದು. ಅಮೆರಿಕದಲ್ಲಿ 1944ರಲ್ಲೇ ಒಂದು ಕಾನೂನು ಮಾಡಿ, ಯುದ್ಧದಿಂದ ಬಂದವರ ಮನೆ ಸಾಲಕ್ಕೆ ಸರ್ಕಾರವೇ ಜಾಮೀನು ನಿಂತಿತು. ಲಕ್ಷಗಟ್ಟಲೆ ಜನ ಅದರಿಂದ ಮನೆ ಮಾಡಿಕೊಂಡರು.

ಅಪ್ಪ ಜಮೀನಿಗೆ ಅರ್ಜಿ ಹಾಕಿದ್ದರು. ಆಗ ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ತಿಂಗಳಿಗೊಮ್ಮೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಿಚಾರಿಸಲು ಹೋಗುತ್ತಿದ್ದರು. "ಇನ್ನೊಂದು ತಿಂಗಳು" ಅನ್ನುತ್ತಿದ್ದರಂತೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ನಾವು ಆ ಜಿಲ್ಲೆಗೆ ಸೇರಿದೆವು. ಅಪ್ಪನ ಕಡತ ಯಾವ ಕಪಾಟಿನಲ್ಲಿ ಉಳಿಯಿತೋ ತಿಳಿಯಲಿಲ್ಲ. ಕೇಳೋಣವೆಂದರೆ ಅರ್ಜಿಯ ಸ್ವೀಕೃತಿ ಚೀಟಿಯನ್ನು ಅಪ್ಪ ಇಟ್ಟುಕೊಂಡಿರಲಿಲ್ಲ. "ನಂಬಿಕೆ ಮೇಲೆ ಕೊಟ್ಟೆ" ಅಂದರು. ಅಷ್ಟು ಶಿಸ್ತಿನ ಮನುಷ್ಯ ಆ ಒಂದು ಚೀಟಿಯಲ್ಲಿ ಸೋತರು.

ಅಷ್ಟರಲ್ಲಿ ಭವಿಷ್ಯನಿಧಿಯ ಹಣದಲ್ಲಿ ತುಂಗಭದ್ರೆಗೆ ಹತ್ತಿರವೇ ಎರಡು ಕೋಣೆಯ ಹೆಂಚಿನ ಮನೆ ಕಟ್ಟಿಸಿದ್ದರು. ಹಿಂದಿನ ಗೋಡೆ ಮಣ್ಣಿನದು. 2018ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಬಂತು. ನೀರು ಇಳಿದ ಮೇಲೆ ನೋಡಿದರೆ ಹಿಂದಿನ ಗೋಡೆ ಕೂತಿತ್ತು.

ಕುಟುಂಬ ಪಿಂಚಣಿ ಬಂದಿದ್ದರೆ ರಿಪೇರಿ ಮಾಡಿಸುತ್ತಿದ್ದೆವು. ಅದು ಇನ್ನೂ ಬಂದಿರಲಿಲ್ಲ. ಸೇನೆಯ ದಾಖಲೆಯಲ್ಲಿ ಅವ್ವನ ತವರಿನ ಹೆಸರಿತ್ತು. ಆಧಾರ್‌ನಲ್ಲಿ ಇದ್ದದ್ದು ಮದುವೆಯ ದಿನ ಅತ್ತೆಮನೆಯವರು ಇಟ್ಟ ಹೆಸರು. ಎರಡೂ ಒಬ್ಬಳೇ ಅಂತ ರುಜುವಾತು ಮಾಡಬೇಕಿತ್ತು. ಸೈನಿಕನಿಗೆ ಮದುವೆಯಾದರೆ, ಮಗು ಹುಟ್ಟಿದರೆ 'ಪಾರ್ಟ್ ಟೂ ಆರ್ಡರ್' ಎಂಬ ದಾಖಲೆಯಲ್ಲಿ ಬರೆಸುತ್ತಾರೆ. ಅಪ್ಪ ಬರೆಸಿದ್ದರು, ಆದರೆ ಯಾವ ಹೆಸರು ಬರೆಸಿದೆ ಅಂತ ಮನೆಯಲ್ಲಿ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಪ್ರಮಾಣಪತ್ರ, ಜೆರಾಕ್ಸು, ಪತ್ರದ ಮೇಲೆ ಪತ್ರ ಅಂತ ಒಂದೂವರೆ ವರ್ಷ ಹೋಯಿತು. ಅಷ್ಟು ದಿನವೂ ಎಪ್ಪತ್ತರ ಹತ್ತಿರದ ಅವ್ವ ಗೋಡೆಯಿದ್ದ ಜಾಗಕ್ಕೆ ತಾಡಪಾಲು ಕಟ್ಟಿಕೊಂಡು ಅಲ್ಲೇ ಮಲಗಿದಳು. ನನ್ನ ಮನೆಗೆ ಬಾ ಅಂದರೆ "ನಿಮ್ಮಪ್ಪ ಕಟ್ಟಿಸಿದ್ದು" ಅಂತ ಬರಲಿಲ್ಲ. ಕೊನೆಗೆ ಅಪ್ಪನ ಜೊತೆ ಸೇವೆಯಲ್ಲಿದ್ದ ನ್ಯಾಮತಿ ಕಡೆಯ ಹಿರಿಯರೊಬ್ಬರು ಯಾವ ಕಾಗದ ಎಲ್ಲಿಗೆ ಅಂತ ತೋರಿಸಿಕೊಟ್ಟರು. ಬಾಕಿ ಸೇರಿಸಿ ಪಿಂಚಣಿ ಬಂತು. ಗೋಡೆಯನ್ನು ಈ ಸಲ ಇಟ್ಟಿಗೆಯಲ್ಲಿ ಕಟ್ಟಿಸಿದೆವು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಸೇನೆಯಲ್ಲಿದ್ದ ಅಜ್ಜ, ಮಾವ, ಚಿಕ್ಕಪ್ಪ ಇದ್ದರೆ ಈ ಭಾನುವಾರ ಅವರ ಹತ್ತಿರ ಕೂತು ಟ್ರಂಕು ತೆಗೆಸಿ. ಸೇವೆಯಿಂದ ಬಿಡುಗಡೆಯಾದ ಪುಸ್ತಕ, ಪಿಂಚಣಿ ಆದೇಶ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಕೊಟ್ಟ ಗುರುತಿನ ಚೀಟಿ ಇವೆಯೇ ನೋಡಿ. ಅಜ್ಜಿಯ ಹೆಸರು, ಹುಟ್ಟಿದ ದಿನ ಅದರಲ್ಲೂ ಆಧಾರ್‌ನಲ್ಲೂ ಒಂದೇ ಇದೆಯೇ ಅಂತ ಅಕ್ಷರ ಅಕ್ಷರ ಓದಿ ಹೇಳಿ. ಬೇರೆ ಇದ್ದರೆ ಅಜ್ಜ ಇರುವಾಗಲೇ ಸರಿಪಡಿಸುವುದು ಸುಲಭ. ಹೊಸದಾಗಿ ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಕೇಳಿ ಪಡೆಯಲು ಹೇಳಿ. ಓದು ಬಂದ ಮಕ್ಕಳು ಮಾಡಬಹುದಾದ ಕೆಲಸ ಇದು.

ಪಕ್ಕದ ಮನೆಯ ಹುಡುಗನಿಗೆ ಇಷ್ಟನ್ನೂ ಹೇಳಿ ಅವ್ವನ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ಅಡುಗೆಕೋಣೆಯ ಬಾಗಿಲ ಪಕ್ಕ ಪೆನ್ಸಿಲ್ ಗೆರೆಗಳಿವೆ. ಮನೆ ಕಟ್ಟಿದ ವರ್ಷ ಅಪ್ಪ ನನ್ನನ್ನು ನಿಲ್ಲಿಸಿ ಎಳೆದ ಗೆರೆ ಎಲ್ಲಕ್ಕಿಂತ ಕೆಳಗಿನದು. ಸುಣ್ಣ ಹೊಡೆಸುವಾಗಲೆಲ್ಲ ಅಷ್ಟು ಜಾಗವನ್ನು ಅವ್ವ ಬಿಡಿಸುತ್ತಾಳೆ.

"ನಿಂತ್ಕೋ ಮಗಾ" ಅಂತ ಅವನನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಪೆನ್ಸಿಲ್ ಹುಡುಕಲು ನಾನು ಒಳಗೆ ಹೋದೆ.