ಅಂಕಿತವಿಲ್ಲದ ಮಾತು

ಹರಟೆಯನ್ನು ಹಳಿಯುವುದು ಧರ್ಮಬೋಧೆ ಮಾಡುವವರಿಗೆ ಪರಂಪರಾಗತವಾಗಿ ಬಂದ ಅಭ್ಯಾಸ. ಕಾಲಹರಣ, ವ್ಯರ್ಥಾಲಾಪ, ನಾಲಿಗೆಯ ಚಪಲ ಎಂದು ನಾನಾ ಹೆಸರಿಟ್ಟು ಅದನ್ನು ಬಯ್ಯುವುದುಂಟು. ಈಚಿನ ವರ್ಷಗಳಲ್ಲಿ ಆ ಬೈಗುಳವೆಲ್ಲ ಮೊಬೈಲ್ ಫೋನಿನತ್ತ ತಿರುಗಿದೆ. ಯಾವ ಊರಿನ ಜಾತ್ರೆಯ ಧರ್ಮಸಭೆಗೆ ಹೋದರೂ, ಅಂಗೈಯಲ್ಲಿ ಲಿಂಗವಿರಬೇಕಾದ ಯುವಕರು ಫೋನು ಹಿಡಿದು ಕುಳಿತಿದ್ದಾರೆ ಎಂಬ ಮಾತು ವೇದಿಕೆಯಿಂದ ಒಮ್ಮೆಯಾದರೂ ಕೇಳಿಬರುತ್ತದೆ. ಅದಕ್ಕೆ ಚಪ್ಪಾಳೆಯೂ ಬೀಳುತ್ತದೆ. ಚಪ್ಪಾಳೆ ತಟ್ಟಿದವರು ಆ ಮಾತನ್ನು ಚಿತ್ರಸಹಿತ ಫೋನಿನಲ್ಲೇ ನಾಲ್ಕು ಕಡೆ ಕಳಿಸುತ್ತಾರೆ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಹೊಸಪೇಟೆಯ ಪೇಟೆಯಲ್ಲಾಗಲಿ, ಸಂಡೂರಿನ ಚಹಾದ ಅಂಗಡಿಯ ಮುಂದಾಗಲಿ, ಕಂಪ್ಲಿಯ ಅಕ್ಕಿ ಗಿರಣಿಯ ಜಗಲಿಯ ಮೇಲಾಗಲಿ ನಾಲ್ಕು ಜನ ಸೇರಿದರೆ ಏನು ಮಾತಾಡುತ್ತಾರೆ? ಈ ಸಲ ಸುಗಂಧಿ ಬಾಳೆಗೆ ಏನು ದರ, ಭತ್ತವನ್ನು ಈಗಲೇ ಕೊಡುವುದೋ ಇನ್ನಷ್ಟು ದಿನ ಇಡುವುದೋ, ಟ್ರ್ಯಾಕ್ಟರಿನ ಸಾಲಕ್ಕೆ ಯಾವ ಬ್ಯಾಂಕು ವಾಸಿ, ಯಾವ ಫೋನಿನ ಬ್ಯಾಟರಿ ಬಾಳಿಕೆ ಬರುತ್ತದೆ, ಮಗಳನ್ನು ಪಿಯುಸಿಗೆ ಹಾಕುವುದೋ ಡಿಪ್ಲೊಮಾಕ್ಕೋ. ಇದೇ ಮಾತು ಈಗ ಜಗಲಿಯಿಂದ ಇಳಿದು ಫೋನಿನೊಳಗೆ ಹೋಗಿದೆ. ಇದು ಕಾಯಕದ ಮಾತು, ಮನೆ ನಡೆಸುವ ಮಾತು. ಇದನ್ನು ವ್ಯರ್ಥವೆನ್ನುವವರು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೂಡಿದವರು ಯಾರು ಎಂಬುದನ್ನು ನೆನಪಿಗೆ ತಂದುಕೊಳ್ಳಬೇಕು.

ಅನುಭವ ಮಂಟಪವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶೂನ್ಯ ಸಿಂಹಾಸನ, ಅಲ್ಲಮಪ್ರಭುದೇವರು, ಷಟ್‌ಸ್ಥಲದ ಗಹನ ಚರ್ಚೆ. ಅದು ಸರಿಯೇ. ಆದರೆ ಸುತ್ತ ಕುಳಿತಿದ್ದವರು ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬಿದಿರು ಸೀಳುವ ಕೇತಯ್ಯ, ಬಟ್ಟೆ ಒಗೆಯುವ ಮಾಚಯ್ಯ, ದನ ಕಾಯುವ ರಾಮಣ್ಣ. ತಮ್ಮ ತಮ್ಮ ಕೆಲಸದ ಉಪಕರಣಗಳನ್ನೇ ಅವರು ಮಾತಿಗೆ ತಂದರು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನೇ ನೋಡಿರಿ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಗಂಡಹೆಂಡಿರ ನಡುವೆ ನಡೆದ ಲೆಕ್ಕದ ಮಾತು ಇದು. ಎಷ್ಟು ಬೇಕು, ಎಷ್ಟು ಸಾಕು ಎಂಬ ಮಾತು. ಅದೇ ಇಂದಿಗೂ ನಮಗೆ ಪ್ರವಚನದ ವಸ್ತುವಾಗಿದೆ.

ಈ ಮಾತುಗಳನ್ನು ಕೂಡಿಸಿ ಸಂವಾದದ ರೂಪಕ್ಕೆ ತಂದ ಕಾಲದ ಪುಣ್ಯ ನಮ್ಮ ಈ ನೆಲಕ್ಕೂ ಸಲ್ಲುತ್ತದೆ. 15ನೆಯ ಶತಮಾನದಲ್ಲಿ ಪ್ರೌಢದೇವರಾಯ ಹಂಪೆಯಲ್ಲಿ ಆಳುತ್ತಿದ್ದಾಗ ನೂರೊಂದು ವಿರಕ್ತರು ಇಲ್ಲಿದ್ದರೆಂದು ನಮ್ಮ ಪರಂಪರೆ ಹೇಳುತ್ತದೆ. ಲಕ್ಕಣ್ಣ ದಂಡೇಶ, ಚಾಮರಸರು ಆ ಕಾಲದವರು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲ ಶೂನ್ಯಸಂಪಾದನೆಯನ್ನು ಸಂಕಲಿಸಿದ್ದೂ ಅದೇ ಶತಮಾನದಲ್ಲಿ. ಆ ಗ್ರಂಥದಲ್ಲಿ ಒಬ್ಬರು ಕೇಳುತ್ತಾರೆ, ಮತ್ತೊಬ್ಬರು ಉತ್ತರಿಸುತ್ತಾರೆ, ಮೂರನೆಯವರು ಒಪ್ಪದೆ ಎದ್ದು ನಿಲ್ಲುತ್ತಾರೆ. ಪ್ರಭುದೇವರನ್ನೇ ಎದುರಿಸಿ ಮಾತಾಡಿದವರಿದ್ದಾರೆ. ಯಾರು ಏನೆಂದರು ಎಂಬುದರಲ್ಲಿ ಮಾತ್ರ ಎಲ್ಲಿಯೂ ಮಸುಕಿಲ್ಲ.

ಮಸುಕಿಲ್ಲದಿರಲು ಕಾರಣ ಅಂಕಿತ. ಬಸವಣ್ಣನವರ ವಚನಕ್ಕೆ ಕೂಡಲಸಂಗಮದೇವ, ಪ್ರಭುದೇವರಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಅವನ ಸ್ವಭಾವಕ್ಕೆ ಅದೇ ತಕ್ಕದ್ದು. ಕಲ್ಯಾಣದಿಂದ ಶರಣರು ಚದುರಿಹೋಗಿ ಶತಮಾನಗಳು ಕಳೆದ ಮೇಲೆ ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿ ಹುಡುಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದಾಗ, ಇಂಥ ಮಾತು ಇಂಥವರದು ಎಂದು ಗುರುತಿಸಲು ದಾರಿ ತೋರಿದ್ದು ಆ ಅಂಕಿತಗಳೇ. ಅಂಕಿತ ದೇವರ ಹೆಸರು, ಹೇಳಿದವನ ಹೆಸರಲ್ಲವಲ್ಲ ಎಂದು ಕೆಲವರು ಕೇಳಬಹುದು. ನಿಜ. ಆದರೆ ತಾನು ನಿತ್ಯ ಪೂಜಿಸುವ ದೇವರನ್ನು ಮಾತಿನ ತುದಿಗೆ ಸಾಕ್ಷಿ ನಿಲ್ಲಿಸಿದವನು ನಾಳೆ ಆ ಮಾತು ನನ್ನದಲ್ಲವೆಂದು ಜಾರಿಕೊಳ್ಳುವುದು ಇನ್ನೂ ಕಷ್ಟ.

ಇಂದಿನ ಫೋನಿನ ಮಾತಿಗೆ ಇಲ್ಲದಿರುವುದು ಇದೊಂದೇ. ಮಾತು ಬರುತ್ತದೆ, ಆಡಿದವರು ಇರುವುದಿಲ್ಲ. ಯಾರು ಹೇಳಿದ್ದೆಂದು ಕೇಳಿದರೆ ಗುಂಪಿನಲ್ಲಿ ಬಂದಿತ್ತು ಎನ್ನುತ್ತಾರೆ. ಹಿಂದೆ ಊರಲ್ಲಿ ಸುಳ್ಳು ಹೇಳಿದವನನ್ನು ಮೂರನೆಯ ದಿನ ಅದೇ ಕಟ್ಟೆಯ ಮೇಲೆ ಹಿಡಿದು ಕೇಳಬಹುದಿತ್ತು. ಅವನ ಮಾತಿಗೆ ಮುಂದೆ ಬೆಲೆ ಇಳಿಯುತ್ತಿತ್ತು, ಅವನ ಅಂಗಡಿಗೆ ಉದ್ರಿಯೂ ಹುಟ್ಟುತ್ತಿರಲಿಲ್ಲ. ಈಗ ಸುಳ್ಳಿಗೆ ಊರೂ ಇಲ್ಲ, ಅಂಗಡಿಯೂ ಇಲ್ಲ.

ಇದರ ಫಲ ಎಲ್ಲಿಗೆ ಮುಟ್ಟಿತೆಂಬುದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. ಬಸವಕಲ್ಯಾಣ ಇರುವುದು ಬೀದರ್ ಜಿಲ್ಲೆಯಲ್ಲಿ. ಅದೇ ಜಿಲ್ಲೆಯ ಮುರ್ಕಿ ಎಂಬ ಊರಿನ ಬಳಿ 2018ರ ಜುಲೈ 13ರಂದು, ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಒಬ್ಬ ತರುಣ ಇಂಜಿನಿಯರನನ್ನು ಜನ ಮಕ್ಕಳ ಕಳ್ಳನೆಂದು ತಿಳಿದು ಹೊಡೆದು ಕೊಂದರು. ಅವರು ಮಾಡಿದ್ದು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಅವರ ಕಾರಿಗಿಂತ ಮುಂಚೆ ಫೋನಿನಿಂದ ಫೋನಿಗೆ ಓಡಿತ್ತು. ಆ ಜನ ಹುಟ್ಟಾ ಕೊಲೆಗಡುಕರಲ್ಲ. ಹೊಲ ಮನೆ ಮಾಡಿಕೊಂಡಿರುವ ನಮ್ಮ ನಿಮ್ಮಂಥವರು. ಮಕ್ಕಳನ್ನು ಉಳಿಸುತ್ತಿದ್ದೇವೆಂದೇ ನಂಬಿದ್ದವರು. ಅದೇ ತಿಂಗಳು ವಾಟ್ಸಾಪ್ ಕಂಪನಿ, ಇದು ಬೇರೆಯವರಿಂದ ಬಂದು ಮುಂದಕ್ಕೆ ಕಳಿಸಿದ ಮಾತು ಎಂದು ಗುರುತು ತೋರಿಸುವ ವ್ಯವಸ್ಥೆ ಮಾಡಿತು. ಅಂಕಿತವಿಲ್ಲ ಎಂಬುದಕ್ಕೆ ಒಂದು ಅಂಕಿತ ಹಾಕಿದಂತಾಯಿತು. ಆ ಗುರುತನ್ನು ನೋಡಿ ಬೆರಳು ತಡೆದವರು ಎಷ್ಟು ಜನರೋ ಶಿವನೇ ಬಲ್ಲ.

ನಮ್ಮ ಊರಿನ ವಿಷಯಕ್ಕೇ ಬರೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿ ತುಳುಕುವ ಹೊತ್ತು. ಆ ಒಂದು ಕಿಂಡಿಯಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹರಿಯತೊಡಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಗೇಟು ಹೋಯಿತೆಂಬುದು ನಿಜವಾದ ಸುದ್ದಿ. ಆದರೆ ನಮಗೆ ಬೆಳಗಿನ ಜಾವ ನದಿಯ ಕೆಳಭಾಗದ ಭಕ್ತರಿಂದ ಫೋನು ಬಂದದ್ದು ಅಣೆಕಟ್ಟೆಯೇ ಒಡೆಯಿತಂತೆ ಎಂದು. ಒಬ್ಬರು ದನಗಳ ಹಗ್ಗ ಬಿಚ್ಚಿ ಬಿಟ್ಟಿದ್ದರು. ಮತ್ತೊಬ್ಬರು ಬಾಣಂತಿಯನ್ನು ಟ್ರಾಲಿಯಲ್ಲಿ ಕೂರಿಸಿಕೊಂಡು ಕತ್ತಲಲ್ಲಿ ಹೊರಟಿದ್ದರು. ನದಿಗೆ ನೀರು ಹೆಚ್ಚು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದನ್ನು ಕಂಡುಂಡ ಜನ ಅವರು; ನೀರಿಗೆ ಸುಮ್ಮಸುಮ್ಮನೆ ಹೆದರುವವರಲ್ಲ. ಹೆದರಿಸಿದ್ದು ಆ ಕೊನೆಯ ‘ಅಂತೆ’.

ಅದೇ ವಾರ ಅಣೆಕಟ್ಟೆಯ ಮೇಲೆ ಇನ್ನೊಂದು ಬಗೆಯ ಮಾತು ನಡೆದಿತ್ತು. ಗೇಟುಗಳ ಕೆಲಸದಲ್ಲಿ ಪಳಗಿದ ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರನ್ನು ಕರೆಸಿದ್ದರು. ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚಬಹುದೆಂದು ಅವರು ತಮ್ಮ ಹೆಸರಿನಲ್ಲೇ ಬಾಯಿಬಿಟ್ಟು ಹೇಳಿದರು. ತಪ್ಪಿದ್ದರೆ ನಾಡೆಲ್ಲ ಅವರತ್ತಲೇ ಬೆರಳು ತೋರಿಸುತ್ತಿತ್ತು. ಈ ಭಾಗದ ಕಾರ್ಖಾನೆಗಳಲ್ಲೇ ಹಲಗೆಗಳು ಸಿದ್ಧವಾದವು. ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿತು. ಮುಂದೆ ಮಳೆಯೂ ಕೈಹಿಡಿದು ಜಲಾಶಯ ತುಂಬಿ ರೈತರು ಬದುಕಿದರು. ಒಂದೇ ನೀರಿನ ಬಗ್ಗೆ ಆ ಏಳು ದಿನ ಎರಡು ಬಗೆಯ ಮಾತು ನಡೆದವು. ಒಂದಕ್ಕೆ ಮಾತ್ರ ಹೆಸರಿತ್ತು.

ಸುದ್ದಿಯ ಈ ಜಾಯಮಾನ ಫೋನಿನೊಂದಿಗೆ ಹುಟ್ಟಿದ್ದೇನೂ ಅಲ್ಲ. ಕೃಷ್ಣದೇವರಾಯ ನಾಗಲಾಪುರವೆಂದು ಕಟ್ಟಿಸಿದ ಈ ಊರಿನ ಬಳಿ ದೊಡ್ಡ ಕೆರೆ ಕಟ್ಟುತ್ತಿದ್ದಾಗ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಬಂದಿದ್ದ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ದುಡಿಯುತ್ತಿದ್ದುದನ್ನು ತಾನು ಕಂಡೆನೆಂದು ಬರೆದಿದ್ದಾನೆ. ಕೆರೆ ಎರಡು ಮೂರು ಸಲ ಒಡೆದಾಗ ಅರವತ್ತು ಜನರ ತಲೆ ಕಡಿಸಿ ಬಲಿ ಕೊಟ್ಟರೆಂದೂ ಬರೆದಿದ್ದಾನೆ; ಅದನ್ನು ಕಂಡೆನೆಂದು ಮಾತ್ರ ಹೇಳಿಲ್ಲ. ಐನೂರು ವರ್ಷಗಳ ಮೇಲೂ ನಾವು ಕುಳಿತು ಇದು ಕಂಡದ್ದು, ಇದು ಕೇಳಿದ್ದಿರಬಹುದು ಎಂದು ಬಿಡಿಸಿ ನೋಡಲು ಸಾಧ್ಯವಾಗಿರುವುದು ಬರೆದವನ ಹೆಸರು ಉಳಿದದ್ದರಿಂದ.

ವ್ಯಾಪಾರದ ಮಾತಿನಲ್ಲೂ ಇದೇ ಕಥೆ. ಅದಿರಿನ ಕಾಲ ಯಾರೂ ಮರೆತಿಲ್ಲ. ಚೀನಾ ಕೊಳ್ಳುತ್ತದೆ, ಲಾರಿ ತೆಗೆದವನು ವರ್ಷದಲ್ಲಿ ಸಾಲ ತೀರಿಸುತ್ತಾನೆ ಎಂಬ ಮಾತು ಸಂಡೂರಿನಿಂದ ಹೊಸಪೇಟೆಯವರೆಗೆ ಹೋಟೆಲು ಹೋಟೆಲಿನಲ್ಲಿ ಇತ್ತು. ಜೋಳ ಬೆಳೆಯುತ್ತಿದ್ದವರೂ ಹೊಲ ಅಡವಿಟ್ಟು ಲಾರಿ ತಂದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮರುದಿನ, ಲಾರಿ ತೆಗೆದುಕೋ ಎಂದು ಹೇಳಿದವರು ಒಬ್ಬರೂ ಸಿಗಲಿಲ್ಲ. ಕಂತು ಕೇಳುವವರು ಮಾತ್ರ ತಪ್ಪದೆ ಬಂದರು.

ಇನ್ನು ಈಚಿನದು. 2016ರಲ್ಲಿ ಯುಪಿಐ ಬಂದ ಮೇಲೆ ಕಬ್ಬಿನ ಹಾಲಿನ ಗಾಡಿಯ ಮೇಲೂ ಚೌಕುಳಿ ಚಿತ್ರ ಅಂಟಿತು. ಚಿಲ್ಲರೆಯ ಜಗಳ ತಪ್ಪಿತು. ನಮ್ಮ ದೃಷ್ಟಿಯಲ್ಲಿ ಅದು ಒಳ್ಳೆಯ ಯಂತ್ರವೇ, ಏಕೆಂದರೆ ಅದರಲ್ಲಿ ಕೊಟ್ಟವರ ಹೆಸರೂ ಪಡೆದವರ ಹೆಸರೂ ಇರುತ್ತದೆ. ಆದರೆ 2025ರ ಜುಲೈನಲ್ಲಿ ಆ ಲೆಕ್ಕವನ್ನೇ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೂ ಲಕ್ಷಗಟ್ಟಲೆಯ ನೋಟಿಸು ಹೋಯಿತು. ವರ್ಷಕ್ಕೆ 40 ಲಕ್ಷ ದಾಟಿದ ಸರಕಿನ ವ್ಯಾಪಾರ, 20 ಲಕ್ಷ ದಾಟಿದ ಸೇವೆ, ಇವು ನೋಂದಣಿಯ ಮಿತಿ. ತಾಜಾ ತರಕಾರಿ, ಹಣ್ಣು, ಹಾಲಿಗೆ ತೆರಿಗೆಯೇ ಇಲ್ಲ. ಇಷ್ಟು ವಿಷಯವನ್ನು ಅಧಿಕಾರಿಗಳು ಮೊದಲೇ ಬೀದಿಗಿಳಿದು ಕನ್ನಡದಲ್ಲಿ ತಿಳಿಸಬಹುದಿತ್ತು. ತಿಳಿಸದಿದ್ದುದು ಅವರ ತಪ್ಪೇ ಸರಿ. ಆ ಖಾಲಿ ಜಾಗದಲ್ಲಿ ಫೋನಿನ ಮಾತು ತುಂಬಿಕೊಂಡಿತು. ಫೋನಿನಲ್ಲಿ ಹಣ ಪಡೆದವರಿಗೆಲ್ಲ ತೆರಿಗೆಯಂತೆ, ಅಂಗಡಿ ಜಪ್ತಿಯಂತೆ. ನಾಡಿನ ಎಷ್ಟೋ ಅಂಗಡಿಗಳು ಚೌಕುಳಿ ಚಿತ್ರ ಕಿತ್ತು ನಗದು ಮಾತ್ರ ಎಂದು ಬರೆದು ಹಾಕಿದವು. ಮಠದ ಮುಂದೆ ಬುಟ್ಟಿಯಲ್ಲಿ ಹೂ, ಬಾಳೆಹಣ್ಣು ಮಾರುವ ತಾಯಿಯೊಬ್ಬರೂ ಆ ಚಿತ್ರವನ್ನು ತೆಗೆದು ಬಚ್ಚಿಟ್ಟಿದ್ದರು. ದಿನದ ವ್ಯಾಪಾರ ಮುನ್ನೂರು ರೂಪಾಯಿ. ಚಿಲ್ಲರೆ ಇಲ್ಲದ ಗಿರಾಕಿಗಳು ಮುಂದೆ ಹೋದರು, ಹಣ್ಣು ಕಪ್ಪಾದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ನೋಂದಾಯಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಹೇಳಿದ ಮೇಲೂ ಆ ತಾಯಿಗೆ ಧೈರ್ಯ ಬರಲು ಹದಿನೈದು ದಿನ ಬೇಕಾಯಿತು. ಹೇಳಿದವರು ಯಾರಮ್ಮ ಎಂದು ಕೇಳಿದೆವು. ಎಲ್ಲರೂ ಅಂತಾರ್ರೀ ಅಜ್ಜಾರ, ಎಂದರು.

ಎಲ್ಲರೂ ಎಂದರೆ ಯಾರೂ ಅಲ್ಲ. ಹೆಸರಿಲ್ಲದ ಮಾತಿನ ಸಾಲವನ್ನು ತೀರಿಸುವವರು ಹೀಗೆ ಬುಟ್ಟಿ ಇಟ್ಟುಕೊಂಡು ಕುಳಿತವರೇ. ದೊಡ್ಡ ವ್ಯಾಪಾರಿಗೆ ಲೆಕ್ಕಿಗನಿದ್ದಾನೆ, ವಕೀಲನಿದ್ದಾನೆ. ಸುದ್ದಿ ನಿಜವೋ ಸುಳ್ಳೋ ಕೇಳಿ ತಿಳಿಯುತ್ತಾನೆ. ಫೋನು ಬಿಡಿ ಎಂದು ವೇದಿಕೆಯಿಂದ ಹೇಳುವುದರಿಂದ ಆ ತಾಯಿಗೆ ಕವಡೆಯಷ್ಟೂ ಪ್ರಯೋಜನವಿಲ್ಲ. ಅವರ ಮಗ ಗಿರಾಕಿಯನ್ನು ಕರೆಯುವುದೂ, ಮಂಡಿಯ ದರ ಕೇಳುವುದೂ ಅದರಲ್ಲೇ.

ಆದ್ದರಿಂದ ಕಳೆದ ಶ್ರಾವಣದ ಪ್ರವಚನ ಮುಗಿದ ಮೇಲೆ ನಮ್ಮ ಮಠದ ಭಕ್ತರ ವಾಟ್ಸಾಪ್ ಗುಂಪಿಗೆ ಒಂದು ಕಟ್ಟಳೆ ಮಾಡಿದೆವು. ಹರಟೆಗೆ ಅಡ್ಡಿಯಿಲ್ಲ, ದರ, ಬೆಳೆ, ಬಸ್ಸು, ಬ್ಯಾಂಕು, ಮದುವೆ, ಯಾವ ಫೋನು ಒಳ್ಳೆಯದು, ಏನು ಬೇಕಾದರೂ ಮಾತಾಡಿರಿ. ಬರೆದವರು ಮಾತಿನ ಕೊನೆಗೆ ತಮ್ಮ ಹೆಸರು, ಊರು ಹಾಕಬೇಕು. ಕಂಡದ್ದೋ ಕೇಳಿದ್ದೋ ಹೇಳಬೇಕು. ಕೇಳಿದ್ದಾದರೆ ಯಾರಿಂದ ಎಂದೂ ಹೇಳಬೇಕು. ನಿತ್ಯ ಬೆಳಿಗ್ಗೆ ಬರುವ ದೇವರ ಪಟಗಳಿಗೂ ಇದೇ ನಿಯಮವೇ ಎಂದು ಹಿರಿಯರೊಬ್ಬರು ಕೋಪಿಸಿಕೊಂಡು ಗುಂಪು ಬಿಟ್ಟರು. ಇದ್ದವರಲ್ಲಿ ಕೆಲವರು, ಹೆಸರು ಹಾಕಿದರೆ ಅಧಿಕಾರಿಗಳ ತಪ್ಪನ್ನು ಹೇಳಲು ಬಡವನಿಗೆ ಭಯವಲ್ಲವೇ ಎಂದು ಕೇಳಿದರು. ಅದು ತೂಕದ ಪ್ರಶ್ನೆ. ಅಂಥ ಮಾತಿದ್ದವರು ಮಠಕ್ಕೆ ಬಂದು ನಮ್ಮ ಕಿವಿಗೆ ಹೇಳಲಿ, ವಿಚಾರಿಸಿ ನಮ್ಮ ಹೆಸರಿನಲ್ಲಿ ಹಾಕುತ್ತೇವೆ ಎಂದಿದ್ದೇವೆ. ಈವರೆಗೆ ಇಬ್ಬರು ಬಂದಿದ್ದಾರೆ.

ಮೊದಲು ದಿನಕ್ಕೆ ಇನ್ನೂರು ಮುನ್ನೂರು ಬರುತ್ತಿದ್ದ ಮಾತು ಈಗ ಹದಿನೈದಿಪ್ಪತ್ತಕ್ಕೆ ಇಳಿದಿದೆ. ಮೊನ್ನೆ ಬಂದವುಗಳಲ್ಲಿ ಒಂದು ಕಂಪ್ಲಿ ಕಡೆಯದು: ಪಂಪ್‌ಸೆಟ್ಟಿನ ಸ್ಟಾರ್ಟರ್ ಸುಟ್ಟಿದೆ, ಹಳೆಯದಿದ್ದರೆ ಯಾರಾದರೂ ಕೊಡಿ. ಇನ್ನೊಂದು ಕಮಲಾಪುರದ್ದು: ನನ್ನ ಹತ್ತಿರ ಇದೆ, ಒಂದು ವರ್ಷ ಓಡಿದ್ದು, ಸಂಜೆ ಬಂದು ನೋಡಿಕೊಂಡು ಹೋಗಿ. ಎರಡರ ಕೆಳಗೂ ಹೆಸರಿತ್ತು.